ಬರ್ಚ್ ತೋಪಿನ ಕೆಳಗಿನ ನೀರು

ಆಲ್ಡರ್ ಕ್ರೀಕ್, ಮಿಷಿಗನ್
ಅಕ್ಟೋಬರ್ 9, 1986

ತೌನೊ,

ಆರ್ವೊನನ್ನು ಮಣ್ಣು ಮಾಡಿದ ಮೇಲೆ ನಿನಗೆ ಒಂದು ಸಾಲನ್ನೂ ಬರೆಯಬಾರದು ಎಂದುಕೊಂಡಿದ್ದೆ. ಎಂಟು ವರ್ಷ ಹಾಗೆಯೇ ಇದ್ದೆ. ಸ್ವಂತ ಭಾವ ಸತ್ತಾಗ ಒಂದು ತಂತಿ ಕಳಿಸಿ ಸುಮ್ಮನಾದವನು ನೀನು. ಅದನ್ನು ನಾನು ಮರೆತಿಲ್ಲ. ಈಗ ಬರೆಯುತ್ತಿರುವುದು ಬೇರೆ ಕಾರಣಕ್ಕೆ.

ನಮ್ಮ ರಸ್ತೆಯ ಬಾವಿಗಳು ಕೆಟ್ಟಿವೆ. ಬೇಸಿಗೆಯಲ್ಲಿ ಸರ್ಕಾರದವರು ಬಂದು ಮನೆಮನೆಯ ನಲ್ಲಿಯಿಂದ ಪುಟ್ಟ ಗಾಜಿನ ಸೀಸೆಗಳಲ್ಲಿ ನೀರು ಹಿಡಿದುಕೊಂಡು ಹೋಗಿದ್ದರು. ಕಳೆದ ವಾರ ಎಲ್ಲರಿಗೂ ಕಾಗದ ಬಂತು. ನೂರು ಕೋಟಿ ಹನಿ ನೀರಿನಲ್ಲಿ ಆ ವಿಷ ಐದು ಹನಿ ದಾಟಿದರೂ ಕುಡಿಯಬಾರದಂತೆ. ಪಕ್ಕದ ಮನೆಯ ಸೈಮಾಳ ಬಾವಿಯಲ್ಲಿ ನಾನೂರ ಹತ್ತು ಇದೆ. ಲೋಟದಲ್ಲಿ ಹಿಡಿದು ನೋಡಿದರೆ ತಿಳಿಯಾಗಿದೆ, ಬಣ್ಣವಿಲ್ಲ, ವಾಸನೆಯಿಲ್ಲ. "ಕೆಂಪಗಾದ್ರೂ ಇರಬಾರದಿತ್ತಾ ಲೆಂಪಿ, ಕಣ್ಣಿಗಾದ್ರೂ ಕಾಣೋ ಹಾಗೆ?" ಎಂದು ಸೈಮಾ ಆ ಲೋಟವನ್ನು ಮೇಜಿನ ಮೇಲಿಟ್ಟು ಕೂತುಬಿಟ್ಟಳು. ಅವಳ ಮಗಳು ಎಲೈನ್ ಈಗ ಅವಳ ಜೊತೆಗೇ ಇದ್ದಾಳೆ, ಮೂರು ತಿಂಗಳ ಬಸುರಿ.

ರಸ್ತೆಯಲ್ಲಿ ನನ್ನ ಬಾವಿಯೊಂದೇ ಚೆನ್ನಾಗಿರುವುದು. ಎಲ್ಲರೂ ಡಬ್ಬಿ ಹಿಡಿದುಕೊಂಡು ನಮ್ಮ ಹಿತ್ತಲಿಗೆ ಬರುತ್ತಾರೆ. ನನಗೇಕೆ ಈ ಅದೃಷ್ಟ ಎಂದು ನನಗೇ ಹೆದರಿಕೆಯಾಗುತ್ತದೆ.

ಆ ವಿಷ ಕಬ್ಬಿಣದ ಬಿಡಿಭಾಗಗಳ ಜಿಡ್ಡು ತೆಗೆಯುವ ದ್ರಾವಕವಂತೆ. ಪ್ರೆಂಟಿಸ್ ಎಂಬ ಸರ್ಕಾರದ ಇಂಜಿನಿಯರ್ ಹೆಂಗಸು ಅದನ್ನು ಹೇಳಿದ ಕೂಡಲೇ ನನಗೆ ನಿಮ್ಮ ವಾಲ್ವ್ ಕಾರ್ಖಾನೆ ನೆನಪಾಯಿತು, ನೀನೂ ಆರ್ವೊನೂ ಕೆಲಸದಿಂದ ಬಂದಾಗ ನಿಮ್ಮ ಅಂಗಿಗಳಿಂದ ಬರುತ್ತಿದ್ದ ಆ ಸಿಹಿ ವಾಸನೆ ನೆನಪಾಯಿತು. ಜಿಡ್ಡು ತೊಳೆಯುವ ತೊಟ್ಟಿಯ ಹತ್ತಿರ ಇದ್ದವರು ಮೂವರು. ಫೋರ್‌ಮನ್ ಸತ್ತ, ಆರ್ವೊ ಸತ್ತ. ನೀನೊಬ್ಬ ಇದ್ದೀಯ. ತೊಟ್ಟಿಯ ಕೊಳೆಯನ್ನು ಎಲ್ಲಿ ಚೆಲ್ಲುತ್ತಿದ್ದಿರಿ? ನೆನಪಿರುವಷ್ಟು ಬರೆ.

ನಿನ್ನ ಅಕ್ಕ,
ಲೆಂಪಿ


ಕೋಬ್ರೆ, ಅರಿಜೋನಾ
ನವೆಂಬರ್ 2, 1986

ಅಕ್ಕಾ,

ಲಕೋಟೆಯ ಮೇಲೆ ನಿನ್ನ ಅಕ್ಷರ ಕಂಡು ಬಹಳ ಹೊತ್ತು ಒಡೆಯಲಿಲ್ಲ. ನನಗೆ ವಯಸ್ಸಾಯಿತು. ಗಣಿಯಿಂದ ನಿವೃತ್ತನಾಗಿ ಎರಡು ವರ್ಷ. ಮಂಡಿ ನೋವು. ಇಲ್ಲಿ ಇನ್ನೂ ಸೆಖೆ, ನಿಮ್ಮಲ್ಲಿ ಹಿಮ ಬಿದ್ದಿರಬೇಕು.

ನೀನು ಕೇಳಿದ್ದು ನನಗೆ ಸರಿಯಾಗಿ ನೆನಪಿಲ್ಲ. ಕೊಳೆಯನ್ನು ಫೋರ್‌ಮನ್ ಹೇಳಿದ ಕಡೆ ಸಾಗಿಸುತ್ತಿದ್ದೆವು. ಕಾರ್ಖಾನೆಯ ಹಿಂದಿನ ಅಂಗಳದಲ್ಲಿ ನೋಡಲು ಹೇಳು.

ನಿನ್ನ ಬಾವಿ ನಿಜಕ್ಕೂ ಚೆನ್ನಾಗಿದೆಯೇ? ಇನ್ನೊಮ್ಮೆ ಪರೀಕ್ಷೆ ಮಾಡಿಸು. ಮತ್ತೆ ಮತ್ತೆ ಮಾಡಿಸು. ನಿನ್ನ ಹಿತ್ತಲಿನ ಬರ್ಚ್ ಮರಗಳ ತೋಪಿನ ಕಡೆ ಹೊಸದಾಗಿ ಏನೂ ಅಗೆಸಬೇಡ, ಆ ಮಣ್ಣು ಸಡಿಲ.

ತೌನೊ


ಆಲ್ಡರ್ ಕ್ರೀಕ್
ಡಿಸೆಂಬರ್ 14, 1986

ತೌನೊ,

ಇದನ್ನು ಯಾರಿಗಾದರೂ ಹೇಳಿಕೊಳ್ಳಲೇಬೇಕು. ಇಲ್ಲಿ ಯಾರಿಗೂ ಹೇಳಲಾರೆ.

ಆಗಸ್ಟಿನಲ್ಲಿ ಸರ್ಕಾರದವರು ನೀರು ಹಿಡಿದುಕೊಂಡು ಹೋದಾಗಲೇ ನಾನು ಸೈಮಾಳಿಗೆ ಹೇಳಿದ್ದೆ, "ಕಾಗದ ಬರೋ ತನಕ ಕಾಯಿಸಿ ಕುಡಿಸು ಕಣೆ, ಬಸುರಿ ಹುಡುಗಿ" ಎಂದು. ನಾನು ಹೇಳಿದೆನೆಂದು ಅವಳು ಎರಡು ತಿಂಗಳು ದಿನಾ ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿದಳು. ಸೆಪ್ಟೆಂಬರ್ ಬಂದ ಮೇಲೆ ಚಳಿಯೆಂದು ಕಿಟಕಿ ಮುಚ್ಚಿಕೊಂಡು, ಎಲೈನ್ ಅದೇ ಅಡುಗೆಮನೆಯಲ್ಲಿ ಕೂತು ಮಗುವಿಗೆ ಟೋಪಿ ಹೆಣೆಯುತ್ತಿದ್ದಳು.

ಮೊನ್ನೆ ಚರ್ಚಿನ ನೆಲಮಾಳಿಗೆಯಲ್ಲಿ ಸಭೆ ಇತ್ತು. ಯಾರೋ ಕುದಿಸುವ ಮಾತು ಎತ್ತಿದರು. ಪ್ರೆಂಟಿಸ್ ತಲೆ ಅಲ್ಲಾಡಿಸಿದಳು. "ದಯವಿಟ್ಟು ಕುದಿಸ್ಬೇಡಿ. ಇದು ಕ್ರಿಮಿ ಅಲ್ಲ, ಸಾಯೋದಕ್ಕೆ. ಬಿಸಿ ಆದ್ರೆ ನೀರಿಂದ ಎದ್ದು ಗಾಳಿಗೆ ಸೇರುತ್ತೆ. ಕುಡಿಯೋದಕ್ಕಿಂತ ಜಾಸ್ತಿ ಉಸಿರಲ್ಲಿ ಒಳಗೆ ಹೋಗುತ್ತೆ."

ಸೈಮಾ ನನ್ನ ಕಡೆ ತಿರುಗಲಿಲ್ಲ. ನನ್ನ ಪಕ್ಕದಲ್ಲೇ ಕೂತಿದ್ದಳು, ತಿರುಗಲಿಲ್ಲ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬ ಮುದುಕ ಎದ್ದು, "ಹಾಗಾದ್ರೆ ಸೌನಾ?" ಎಂದ. ಪ್ರತಿ ಶನಿವಾರ, ಮೂವತ್ತು ವರ್ಷದಿಂದ, ಕಾದ ಕಲ್ಲಿನ ಮೇಲೆ ಅದೇ ನೀರು ಎರಚಿ, ಅದೇ ಹಬೆಯಲ್ಲಿ ಮಕ್ಕಳು ಮರಿ ಕಟ್ಟಿಕೊಂಡು ಕೂತವರು ನಾವು. ನಾನೂ ಸೈಮಾಳ ಸೌನಾಕ್ಕೇ ಹೋಗುತ್ತಿದ್ದೆ. "ಅದನ್ನೂ ನಿಲ್ಲಿಸಿ" ಎಂದಳು ಪ್ರೆಂಟಿಸ್.

ಈಗ ಮನೆಮನೆಗೂ ಇದ್ದಿಲು ತುಂಬಿದ ಎರಡು ದಪ್ಪ ಸಿಲಿಂಡರ್ ಕೂರಿಸುತ್ತಾರಂತೆ, ಆ ಇದ್ದಿಲು ವಿಷವನ್ನು ಹಿಡಿದುಕೊಳ್ಳುತ್ತದಂತೆ. ವಸಂತದ ತನಕ ಕಾಯಬೇಕು. ಅಲ್ಲಿಯವರೆಗೆ ಎಲ್ಲರಿಗೂ ನನ್ನ ಬಾವಿಯೇ.

ಲೆಂಪಿ


ಆಲ್ಡರ್ ಕ್ರೀಕ್
ಫೆಬ್ರವರಿ 20, 1987

ತೌನೊ,

ನೀನು ಉತ್ತರ ಬರೆಯಲಿಲ್ಲ. ಆದರೂ ಬರೆಯುತ್ತಿದ್ದೇನೆ.

ಕಾರ್ಖಾನೆಯ ಅಂಗಳದಲ್ಲಿ ಕೊರೆದರು. ಅಲ್ಲಿ ವಿಷ ಸಿಕ್ಕಿತು. ಪಂಪು ಹಾಕಿ ನೀರೆತ್ತಿ, ಎತ್ತರದ ಒಂದು ಗೋಪುರದ ತಲೆಯಿಂದ ಕೆಳಕ್ಕೆ ಇಳಿಯಬಿಡುತ್ತಾರೆ. ಕೆಳಗಿನಿಂದ ಫ್ಯಾನು ಗಾಳಿ ಊದುತ್ತದೆ, ಆ ಗಾಳಿ ವಿಷವನ್ನು ಎಳೆದುಕೊಂಡು ಹೋಗುತ್ತದೆ. ಎಲ್ಲರೂ ಸಮಾಧಾನಪಟ್ಟೆವು. ಆದರೆ ಎರಡು ತಿಂಗಳಾದರೂ ನಮ್ಮ ರಸ್ತೆಯ ಬಾವಿಗಳಲ್ಲಿ ಒಂದಿಷ್ಟೂ ಇಳಿದಿಲ್ಲ. ಸೈಮಾಳದ್ದು ನಾನೂರ ಅರವತ್ತಕ್ಕೆ ಏರಿದೆ.

ನಿನ್ನೆ ಪ್ರೆಂಟಿಸ್ ನಮ್ಮ ಮನೆಗೆ ಬಂದು ನಕ್ಷೆ ಹರಡಿದಳು. "ನೋಡಿ ಮಿಸೆಸ್ ಹಾಲೋನೆನ್, ಕಾರ್ಖಾನೆ ಕೆಳಗಿನ ನೀರು ಹರಿಯೋದು ಆ ಕಡೆ, ಹಳ್ಳದ ದಿಕ್ಕಿಗೆ. ನಿಮ್ಮ ರಸ್ತೆಗೆ ಅದು ಬರೋಕೆ ಸಾಧ್ಯಾನೇ ಇಲ್ಲ. ಇನ್ನೊಂದು ಜಾಗ ಇದೆ. ಅದು ಸಿಗೋ ತನಕ ನಾವು ಎಷ್ಟು ತೊಳೆದ್ರೂ ಇದು ಮುಗಿಯಲ್ಲ. ಹಳೇ ಕೆಲಸಗಾರರು ಯಾರಾದ್ರೂ ಉಳಿದಿದ್ದಾರಾ?"

ಯಾರೂ ಇಲ್ಲ ಎಂದುಬಿಟ್ಟೆ. ಏಕೆ ಹಾಗೆಂದೆನೋ ಆಗ ತಿಳಿಯಲಿಲ್ಲ. ಅವಳು ಹೋದ ಮೇಲೆ ನಿನ್ನ ನವೆಂಬರ್ ಪತ್ರವನ್ನು ತೆಗೆದು ಮತ್ತೆ ಓದಿದೆ.

ತೌನೊ, ಬರ್ಚ್ ತೋಪು ನಿನಗೆ ಹೇಗೆ ಗೊತ್ತು? ನೀನು ಊರು ಬಿಟ್ಟದ್ದು ಎಪ್ಪತ್ತರಲ್ಲಿ. ಆರ್ವೊ ಆ ಗಿಡಗಳನ್ನು ನೆಟ್ಟದ್ದು ಮರುವರ್ಷ. ನೀನು ಒಮ್ಮೆಯೂ ತಿರುಗಿ ಬಂದಿಲ್ಲ, ನಾನು ಅದರ ಬಗ್ಗೆ ಒಂದಕ್ಷರವನ್ನೂ ಬರೆದಿಲ್ಲ.

ಏನಿದ್ದರೂ ಬರೆ.

ಲೆಂಪಿ


ಕೋಬ್ರೆ
ಮಾರ್ಚ್ 8, 1987

ಅಕ್ಕಾ,

ಕೂತು ಓದು.

ತೋಪು ಇರುವ ಜಾಗದಲ್ಲಿ ಮೊದಲು ನಿಮ್ಮ ಜಲ್ಲಿಗುಂಡಿ ಇತ್ತಲ್ಲ. ಅರವತ್ತೆರಡರಲ್ಲಿ ಫೋರ್‌ಮನ್ ಭಾವನನ್ನು ಕರೆದು, "ಅಂಗಳದಲ್ಲಿ ಸುರಿದ್ರೆ ನಾತ ಅಂತ ಮೇಲಿನೋರು ಗಲಾಟೆ ಮಾಡ್ತಾರೆ. ನಿನ್ನ ಮನೆ ಹಿಂದೆ ಗುಂಡಿ ಇದೆಯಲ್ಲಪ್ಪ" ಎಂದ. ಭಾವ ಆಗಲಿ ಎಂದ. ಅಷ್ಟೇ ನಡೆದದ್ದು. ಏಳು ವರ್ಷ, ವಾರಕ್ಕೆ ಎರಡು ಡ್ರಮ್. ನೀನು ಶಾಲೆಯ ಅಡುಗೆಮನೆಗೆ ಹೋಗಿರುತ್ತಿದ್ದ ಹೊತ್ತಿನಲ್ಲಿ ನಾನೂ ಭಾವನೂ ಬರಿಗೈಯಲ್ಲಿ ಉರುಳಿಸಿ ಸುರಿಯುತ್ತಿದ್ದೆವು. ಸುರಿದ ಗಳಿಗೆಗೆ ಜಲ್ಲಿ ಅದನ್ನು ಕುಡಿದುಬಿಡುತ್ತಿತ್ತು, ಮೇಲೆಲ್ಲ ಒಣಗಿಹೋಗುತ್ತಿತ್ತು. ಗಾಳಿಗೆ ಹಾರಿಹೋಯಿತು ಎಂದೇ ನಂಬಿದ್ದೆವು. ದೇವರಾಣೆ ನಂಬಿದ್ದೆವು.

ಅರವತ್ತೊಂಬತ್ತರ ಬೇಸಿಗೆಯಲ್ಲಿ ಗುಂಡಿಯ ಅಂಚಿನಲ್ಲಿ ಭಾವ ತಲೆ ತಿರುಗಿ ಬಿದ್ದ. ನಾನು ಎಳೆದು ಮೇಲಕ್ಕೆ ತಂದೆ. ತುಟಿ ನೀಲಿಯಾಗಿತ್ತು. ಅವತ್ತು ಇಬ್ಬರಿಗೂ ಭಯವಾಯಿತು. ಉಳಿದ ಹನ್ನೊಂದು ಡ್ರಮ್‌ಗಳನ್ನು ಹಾಗೆಯೇ ಗುಂಡಿಗೆ ಇಳಿಸಿ ಮಣ್ಣು ಮುಚ್ಚಿದೆವು. "ಯಾರಿಗಾದ್ರೂ ಹೇಳೋಣ ಭಾವ" ಎಂದೆ. "ಹೇಳಿ? ರಸ್ತೆಯೋರೆಲ್ಲ ನಮ್ಮ ಮನೆ ಮುಂದೆ ನಿಂತು ಉಗೀಲಿ ಅಂತಾನಾ? ಭೂಮಿ ಅದನ್ನ ಅರಗಿಸ್ಕೊಳ್ಳುತ್ತೆ ಬಿಡೋ" ಎಂದ. ಆ ಮಾತಿಗೇ ಜಗಳವಾಗಿ ನಾನು ಊರು ಬಿಟ್ಟದ್ದು. ಮರ ನೆಟ್ಟಿದ್ದನ್ನು ಅವನೇ ನನಗೆ ಬರೆದಿದ್ದ. ಕೊನೆಯ ಕಾಗದ ಆಸ್ಪತ್ರೆಯಿಂದ ಬಂತು. ಅದರಲ್ಲಿ ಇದ್ದದ್ದು ಒಂದೇ ಸಾಲು, "ಲೆಂಪಿಗೆ ಹೇಳಬೇಡ."

ಭಾವನ ಮಣ್ಣಿಗೆ ಬರದೇ ಇದ್ದದ್ದು ಅದಕ್ಕೆ. ನಿನ್ನ ಮುಖ ಕಂಡಿದ್ದರೆ ಬಾಯಿ ಬಿಟ್ಟುಬಿಡುತ್ತಿದ್ದೆ.

ಜೊತೆಗೆ ನಕ್ಷೆ ಬರೆದು ಇಟ್ಟಿದ್ದೇನೆ. ನಿನ್ನ ಕೊಟ್ಟಿಗೆಯ ಮೂಲೆಯಿಂದ ಹೆಜ್ಜೆ ಎಣಿಸಿ ಹಾಕಿದ್ದು. ಡ್ರಮ್‌ಗಳು ಉತ್ತರದ ತುದಿಯಲ್ಲಿವೆ. ಅದನ್ನು ಏನು ಮಾಡುತ್ತೀಯೋ ನಿನಗೆ ಬಿಟ್ಟದ್ದು.

ತೌನೊ


ಆಲ್ಡರ್ ಕ್ರೀಕ್
ಜೂನ್ 3, 1987

ತೌನೊ,

ಇಷ್ಟು ದಿನ ಏಕೆ ಬರೆಯಲಿಲ್ಲ ಎಂದು ಹೇಳುತ್ತೇನೆ. ನಾನು ಏನು ಮಾಡಿದೆ ಎಂಬುದು ನಿನಗಾದರೂ ಗೊತ್ತಿರಲಿ.

ನಿನ್ನ ನಕ್ಷೆಯನ್ನು ಹಿಟ್ಟಿನ ಡಬ್ಬಿಯೊಳಗೆ ಇಟ್ಟೆ. ಏಳು ವಾರ ಇಟ್ಟೆ. ದಿನವೂ ಬೆಳಗ್ಗೆ ರಸ್ತೆಯವರು ಡಬ್ಬಿ ತಂದು, "ನಿನ್ನ ಬಾವಿ ನಮ್ಮನ್ನ ಕಾಪಾಡ್ತು ಲೆಂಪಿ" ಎಂದು ಹರಸಿ ಹೋಗುತ್ತಿದ್ದರು. ಅಡುಗೆಮನೆಯ ಕಿಟಕಿಯಿಂದ ತೋಪು ಕಾಣುತ್ತದೆ. ಪರದೆ ಎಳೆದುಕೊಂಡೆ. ಆರ್ವೊನ ಹೆಸರು ಹಾಳಾಗುತ್ತದೆ ಎಂಬ ಭಯವೆಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಭಯ ನನ್ನ ಬಗ್ಗೆ. ಈ ರಸ್ತೆ ಬಿಟ್ಟರೆ ನನಗೆ ಯಾರೂ ಇಲ್ಲ.

ಏಪ್ರಿಲ್ ಹನ್ನೆರಡಕ್ಕೆ ಎಲೈನ್‌ಗೆ ಹೆಣ್ಣು ಮಗುವಾಯಿತು. ಹೆಲ್ಮಿ ಎಂದು ಹೆಸರಿಟ್ಟರು. ಮಗುವಿನ ತುಟಿ ನೀಲಿ. ಹೃದಯದಲ್ಲಿ ತೂತು ಇದೆ ಎಂದು ವಿಮಾನದಲ್ಲಿ ದಕ್ಷಿಣದ ದೊಡ್ಡ ಆಸ್ಪತ್ರೆಗೆ ಸಾಗಿಸಿದರು. ನೀರಿನಿಂದಲೇ ಆಯಿತೇ ಎಂದು ಸೈಮಾ ಕೇಳಿದ್ದಕ್ಕೆ ಡಾಕ್ಟರು, ಹೌದು ಎಂದೂ ಹೇಳಲಾರೆ, ಅಲ್ಲ ಎಂದೂ ಹೇಳಲಾರೆ ಎಂದರಂತೆ. ಜೀವಮಾನವೆಲ್ಲ ಆ ಮಾತನ್ನು ಹೊತ್ತುಕೊಂಡು ತಿರುಗಬೇಕು ಎಲೈನ್.

ಆಗಲೂ ನಾನು ಬಾಯಿ ಬಿಡಲಿಲ್ಲ.

ಆ ತಿಂಗಳ ಕೊನೆಗೆ ನನ್ನ ಬಾವಿಯ ಹೊಸ ಪರೀಕ್ಷೆ ಬಂತು. ಮೂವತ್ತೊಂದು. ಪ್ರೆಂಟಿಸ್ ಕಾಗದ ಹಿಡಿದುಕೊಂಡು ನಮ್ಮ ಬಾಗಿಲಲ್ಲಿ ನಿಂತು, "ಇದು ನೀರಿಗಿಂತ ಭಾರ. ತಳದ ಜೇಡಿಮಣ್ಣು ಎತ್ತ ಇಳಿಜಾರಾಗಿದ್ರೆ ಅತ್ತ ತೆವಳುತ್ತೆ, ನೀರು ಹರಿಯೋ ದಿಕ್ಕಿಗೆ ಎದುರಾಗಿ ಬೇಕಾದ್ರೂ. ಅಂದ್ರೆ ಆ ಜಾಗ ನಿಮ್ಮ ಹತ್ತಿರಾನೇ ಎಲ್ಲೋ ಇದೆ" ಎಂದಳು. ಯಾವತ್ತಿನಿಂದ ಬಂತು ಎಂದು ಕೇಳಿದೆ. ಅವಳಿಗೂ ಗೊತ್ತಿಲ್ಲ. ಫೆಬ್ರವರಿಯೋ, ಮಾರ್ಚೋ. ಎಲೈನ್ ಕುಡಿದದ್ದು ನನ್ನ ಬಾವಿಯ ನೀರು. ಗುಂಡಿಯ ವಿಷಯ ಗೊತ್ತಿದ್ದೂ ನಾನೇ ಡಬ್ಬಿ ತುಂಬಿಸಿ ಕೊಟ್ಟ ನೀರು.

"ಒಂದು ಗಂಟೆ ತಡೀರಿ" ಎಂದು ಅವಳನ್ನು ಕೂರಿಸಿ ಸೈಮಾಳ ಮನೆಗೆ ಹೋದೆ. ಬೇರೆಯವರ ಬಾಯಿಂದ ಅವಳು ಕೇಳಬಾರದು ಅನ್ನಿಸಿತು. ಮಗುವಿನ ಬಟ್ಟೆ ಮಡಿಸುತ್ತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ.

"ಯಾವಾಗ ಗೊತ್ತಾಯ್ತು ನಿಂಗೆ?" ಎಂದಳು.

"ಮಾರ್ಚ್‌ನಲ್ಲಿ."

"ಮಗು ಹುಟ್ಟೋಕೆ ಮುಂಚೆ."

"ಹೂಂ."

"ನನ್ನ ಮನೇಲಿ ಕೂತು ಕಾಫಿ ಕುಡ್ಕೊಂಡು ಹೋದೆಯಲ್ಲೇ. ವಾರವಾರ ಬಂದು ಕೂತೆಯಲ್ಲೇ ಇದೇ ಕುರ್ಚಿ ಮೇಲೆ." ಕೂಗಲಿಲ್ಲ ಅವಳು. ಕೂಗಿದ್ದರೆ ಚೆನ್ನಾಗಿತ್ತು. "ಹೋಗು ಲೆಂಪಿ. ನಾನು ಏನಾದ್ರೂ ಅನ್ನೋಕೆ ಮುಂಚೆ ಹೋಗು."

ಬಂದು ನಕ್ಷೆಯನ್ನು ಪ್ರೆಂಟಿಸ್ ಕೈಗೆ ಕೊಟ್ಟೆ. ನಿನ್ನ ಹೆಸರನ್ನೂ ಹೇಳಬೇಕಾಯಿತು.

ಲೆಂಪಿ


ಕೋಬ್ರೆ
ಜೂನ್ 21, 1987

ಅಕ್ಕಾ,

ಹೇಳಿದ್ದು ಒಳ್ಳೆಯದಾಯಿತು. ಪ್ರೆಂಟಿಸ್ ಫೋನ್ ಮಾಡಿದ್ದಳು. ಏನೂ ಮುಚ್ಚಿಡದೆ ಹೇಳಿದೆ, ವಕೀಲರ ಮುಂದೆ ಸಹಿಯನ್ನೂ ಹಾಕಿದೆ. ಇಪ್ಪತ್ತು ವರ್ಷದಿಂದ ಬಾಗಿಲು ಬಡಿದರೆ ಇದೇ ಇರಬೇಕೆಂದು ಬೆಚ್ಚುತ್ತಿದ್ದೆ. ಈಗ ಬಂದೇಬಿಟ್ಟಿತು.

ಆ ಮಗು ಉಳಿಯುತ್ತದೆಯೇ? ನನಗೆ ಕೇಳುವ ಹಕ್ಕಿಲ್ಲ. ಆದರೂ ಬರೆ.

ಇಲ್ಲಿ ವಿಶೇಷವೇನಿಲ್ಲ. ಎರಡು ತಿಂಗಳಿಂದ ಮೂತ್ರದಲ್ಲಿ ಒಮ್ಮೊಮ್ಮೆ ರಕ್ತ ಬೀಳುತ್ತದೆ, ಸೆಖೆಗೆ ಇರಬೇಕು.

ತೌನೊ


ಆಲ್ಡರ್ ಕ್ರೀಕ್
ಜೂನ್ 29, 1987

ತೌನೊ, ಸೆಖೆಯಲ್ಲ. ಆರ್ವೊನಿಗೂ ಹಾಗೆಯೇ ಶುರುವಾದದ್ದು. ಈ ಕಾಗದ ಮಡಿಸಿ ಇಡುವ ಮೊದಲು ಡಾಕ್ಟರ ಹತ್ತಿರ ಹೋಗು. ನೀನು ಬರಿಗೈಯಲ್ಲಿ ಏನು ಸುರಿಯುತ್ತಿದ್ದೆ ಎಂದು ಹೇಳು, ನಾಚಿಕೊಳ್ಳಬೇಡ.

ಲೆಂಪಿ


ಆಲ್ಡರ್ ಕ್ರೀಕ್
ಸೆಪ್ಟೆಂಬರ್ 27, 1987

ತೌನೊ,

ಡಾಕ್ಟರ ಹತ್ತಿರ ಹೋದೆಯೋ ಇಲ್ಲವೋ ಒಂದು ಸಾಲು ಬರೆಯಬಾರದೇ? ಅಂಚೆಯವನ ದಾರಿ ಕಾದು ಸಾಕಾಗಿದೆ.

ಮಗುವಿಗೆ ಆಪರೇಷನ್ ಆಯಿತು. ಉಳಿಯಿತು. ಇನ್ನೊಂದು ಬೇಕಾಗಬಹುದಂತೆ, ನಾಲ್ಕು ವರ್ಷವಾದ ಮೇಲೆ.

ಜುಲೈಯಲ್ಲಿ ತೋಪು ಕಡಿದರು. ಬಿಳಿಯ ದಿರಿಸು, ಮುಖಕ್ಕೆ ಮುಸುಕು ಹಾಕಿಕೊಂಡವರು ಯಂತ್ರದಿಂದ ಅಗೆದರು. ನಮ್ಮನ್ನೆಲ್ಲ ಆ ವಾರ ಮನೆ ಬಿಡಿಸಿದ್ದರು. ನಿನ್ನ ಹೆಜ್ಜೆ ಲೆಕ್ಕ ತಪ್ಪಿರಲಿಲ್ಲ, ಹನ್ನೊಂದೂ ಅಲ್ಲಿದ್ದವು. ಎಂಟು ತುಕ್ಕು ಹಿಡಿದು ಬರಿದಾಗಿದ್ದವು. ಮೂರು ಇನ್ನೂ ತುಂಬಿದ್ದವು. ಅವು ಒಡೆಯುವ ಮೊದಲು ಸಿಕ್ಕಿದ್ದು ದೊಡ್ಡ ಪುಣ್ಯ ಎಂದಳು ಪ್ರೆಂಟಿಸ್. ಮಣ್ಣನ್ನು ಹೊದಿಕೆ ಹಾಕಿದ ಲಾರಿಗಳಲ್ಲಿ ಸಾಗಿಸಿದರು. ಉಳಿದ ನೆಲಕ್ಕೆ ತೂತಿನ ಕೊಳವೆಗಳನ್ನು ಇಳಿಸಿದ್ದಾರೆ, ಒಂದು ಯಂತ್ರ ಹಗಲೂ ರಾತ್ರಿ ಮಣ್ಣಿನೊಳಗಿನ ಗಾಳಿಯನ್ನು ಹೀರುತ್ತದೆ. ನಮ್ಮ ಹಿತ್ತಲಿನಲ್ಲಿಯೂ ಒಂದು ಗೋಪುರ ಎದ್ದಿದೆ, ನೀರು ಎತ್ತಿ ಗಾಳಿಗೆ ಒಡ್ಡಿ ತೊಳೆಯುತ್ತದೆ.

ಸೈಮಾಳ ಬಾವಿ ಮೊದಲ ಸಲ ಇಳಿಯಿತು. ಇನ್ನೂರ ತೊಂಬತ್ತು.

"ಐದಕ್ಕೆ ಯಾವಾಗ ಇಳಿಯುತ್ತೆ?" ಎಂದು ಕೇಳಿದೆ. ಪ್ರೆಂಟಿಸ್ ಸುಳ್ಳು ಹೇಳುವವಳಲ್ಲ. ತಳದ ಜೇಡಿಯೊಳಗೆ ಇಳಿದುಬಿಟ್ಟಿದ್ದನ್ನು ಯಾರೂ ಕೈಹಾಕಿ ತೆಗೆಯಲಾರರಂತೆ, ಅದು ಚೂರುಚೂರೇ ಕರಗಿ ಬರುತ್ತಲೇ ಇರುತ್ತದಂತೆ. "ಮೂವತ್ತು ವರ್ಷ ಇರಬಹುದು. ಹೆಚ್ಚೂ ಇರಬಹುದು" ಎಂದಳು. ನನಗೀಗ ಅರವತ್ತಾರು.

ರಸ್ತೆಯಲ್ಲಿ ಯಾರೂ ನನ್ನನ್ನು ಬೈಯಲಿಲ್ಲ. ಬಾಗಿಲಿಗೆ ಬರುವುದಿಲ್ಲ, ಅಷ್ಟೇ. ಆಗಸ್ಟಿನ ಸಭೆಯಲ್ಲಿ ನಾನೇ ಎದ್ದು ನಿಂತು, ಆರ್ವೊ ಏನು ಮಾಡಿದ, ನಾನು ಏನು ಮುಚ್ಚಿಟ್ಟೆ ಎರಡನ್ನೂ ಹೇಳಿದೆ. ಕೂತ ಮೇಲೆ ನನ್ನ ಅಕ್ಕಪಕ್ಕದ ಕುರ್ಚಿಗಳು ಖಾಲಿಯಾಗಿದ್ದವು.

ಲೆಂಪಿ


ಕೋಬ್ರೆ
ಅಕ್ಟೋಬರ್ 18, 1987

ಅಕ್ಕಾ,

ಹೋದೆ. ಜುಲೈಯಲ್ಲೇ ಹೋದೆ. ಹೇಳಲು ಧೈರ್ಯ ಬರಲಿಲ್ಲ. ಎಡ ಮೂತ್ರಪಿಂಡದಲ್ಲಿ ಗಡ್ಡೆ. ಭಾವನಿಗಿದ್ದದ್ದೇ. ನವೆಂಬರ್ ಹನ್ನೊಂದಕ್ಕೆ ಕೊಯ್ದು ತೆಗೆಯುತ್ತಾರೆ. ಹರಡಿದೆಯೋ ಇಲ್ಲವೋ ಒಳಗೆ ನೋಡಿದ ಮೇಲೆ ಹೇಳುತ್ತಾರಂತೆ.

ನೀನು ಬರಬೇಡ. ಮೂರು ದಿನದ ಬಸ್ಸಿನ ದಾರಿ, ನೀನು ಆ ಊರು ದಾಟಿದವಳಲ್ಲ. ನಾನು ಭಾವನ ಮಣ್ಣಿಗೆ ಬರಲಿಲ್ಲ. ನನಗಾಗಿ ಯಾರೂ ಬರಬೇಕಾಗಿಲ್ಲ.

ಹೆದರಿಕೆಯಾಗುತ್ತದೆ ಅಕ್ಕಾ.

ತೌನೊ


ಆಲ್ಡರ್ ಕ್ರೀಕ್
ನವೆಂಬರ್ 1, 1987

ತೌನೊ,

ಗುರುವಾರ ಬೆಳಗ್ಗೆ ಹೊರಡುತ್ತೇನೆ. ಬಸ್ಸು ಭಾನುವಾರ ನಿಮ್ಮೂರು ತಲುಪುತ್ತದಂತೆ. ಟಿಕೆಟ್ ಕೊಂಡಾಯಿತು, ಬೇಡವೆನ್ನುವ ಕಾಗದ ಬರೆದು ಅಂಚೆಚೀಟಿ ಹಾಳುಮಾಡಬೇಡ.

ಬಸ್ ನಿಲ್ದಾಣ ಇಲ್ಲಿಂದ ಮೂವತ್ತು ಮೈಲಿ. ಹೇಗೆ ಹೋಗುವುದೆಂದು ಚರ್ಚಿನ ಬಾಗಿಲಲ್ಲಿ ಪಾದ್ರಿಯ ಹೆಂಡತಿಯನ್ನು ವಿಚಾರಿಸುತ್ತಿದ್ದೆ. ಆರು ತಿಂಗಳಿಂದ ನನ್ನ ಜೊತೆ ಒಂದು ಮಾತನ್ನೂ ಆಡದ ಸೈಮಾ ಹಿಂದೆ ನಿಂತಿದ್ದಳು. ಕೇಳಿಸಿಕೊಂಡಿದ್ದಾಳೆ. ಇವತ್ತು ಬೆಳಗ್ಗೆ ಬಂದು ಮೆಟ್ಟಿಲ ಕೆಳಗೇ ನಿಂತಳು, ಮೇಲೆ ಹತ್ತಲಿಲ್ಲ.

"ನಿನ್ನ ತಮ್ಮ ಉಳೀತಾನಾ?" ಎಂದಳು.

"ಗೊತ್ತಿಲ್ಲ ಅಂತಾರೆ."

"ನಮ್ಮ ಮಗೂಗೂ ಹಂಗೇ ಅಂದಿದ್ರು." ತೋಪಿದ್ದ ಬಯಲಿನ ಕಡೆ ತಿರುಗಿದಳು. "ನಿನ್ನ ಕ್ಷಮಿಸಿದೀನಿ ಅಂದ್ಕೋಬೇಡ."

"ಅಂದ್ಕೊಂಡಿಲ್ಲ."

"ಬಸ್ಸು ಎಷ್ಟು ಗಂಟೆಗೆ?"

"ಒಂಬತ್ತಕ್ಕೆ."

"ಏಳೂವರೆಗೆ ರೆಡಿ ಇರು. ರಸ್ತೇಲಿ ಹಿಮ ಇರುತ್ತೆ, ನಾನು ನಿಧಾನಕ್ಕೆ ಓಡಿಸೋದು."

ಹೆದರಿಕೆ ನನಗೂ ಆಗುತ್ತಿದೆ ತೌನೊ. ಆಗಲಿ. ಹನ್ನೊಂದನೇ ತಾರೀಕು ನಿನ್ನನ್ನು ಒಳಗೆ ಕರೆದುಕೊಂಡು ಹೋಗುವಾಗ ಬಾಗಿಲವರೆಗೆ ನಿನ್ನ ಕೈ ಹಿಡಿದಿರುತ್ತೇನೆ, ಹೊರಗೆ ತರುವಾಗ ಅದೇ ಬಾಗಿಲಲ್ಲಿ ಇರುತ್ತೇನೆ.

ನಿನ್ನ ಅಕ್ಕ,
ಲೆಂಪಿ